ಖಾಲಿ ಲಾರಿಯ ತೂಕ

ಯಾರ್ಕ್‌ಟನ್ ದಾಟಿ ಹನ್ನೆರಡು ಮೈಲಿ, ರೈಲುಹಳಿಯ ಪಕ್ಕ
ಗೋಧಿ ತುಂಬುವ ಗೋಪುರ. ಅದರ ಬುಡದ ಗಾಜಿನ ಗೂಡಲ್ಲಿ
ಇಪ್ಪತ್ತಾರು ವರ್ಷದಿಂದ ನಾನು ತೂಗುವವ.
ತುಂಬಿದ ಲಾರಿ ಹತ್ತುತ್ತದೆ, ಬರೆಯುತ್ತೇನೆ.
ಸುರಿದು ಹಗುರಾಗಿ ಮತ್ತೆ ಹತ್ತುತ್ತದೆ, ಬರೆಯುತ್ತೇನೆ.
ಅದರಲ್ಲಿ ಇದು ಕಳೆದರೆ
ಉಳಿದದ್ದಕ್ಕೆ ದುಡ್ಡು.
ನನಗೆ ಗೊತ್ತಿರುವ ಗಣಿತ ಇಷ್ಟೇ.

ಹೋದ ವಾರ, ಕೊಯ್ಲಿನ ಭರದಲ್ಲೂ ಬಿಡುವಾದ ಒಂದು ಗಳಿಗೆ,
ಆ ಕಡೆ ಈ ಕಡೆ ನೋಡಿ
ಆ ಕಬ್ಬಿಣದ ಹಾಸಿನ ಮೇಲೆ ನಾನೇ ಹೋಗಿ ನಿಂತೆ.
ಅಂಕಿ ಕಾಣುವುದು ಒಳಗೆ. ಓಡಿ ಬಂದು ನೋಡುವಷ್ಟರಲ್ಲಿ
ಸೊನ್ನೆ.
ಬಾಗಿಲಿಗೊರಗಿ ಕಾಫಿ ಹೀರುತ್ತಿದ್ದ ಲೈಲ್ ಹೇಳಿದ:
‘ನೂರ ಇಪ್ಪತ್ತು, ಓರೆಸ್ಟ್.
ಯಾವ ದರ್ಜೆಯ ಮಾಲು ಅಂತ ಬರೆಯಲಿ?’

ನಕ್ಕೆ. ನಗದೆ ಇನ್ನೇನು?

ಎರಡು ವರ್ಷದ ಹಿಂದೆ ತೊಂಬತ್ತನಾಲ್ಕಿದ್ದೆ.
ಮೊಳೆ ಹೊಡೆದು ಬೆಲ್ಟಿಗೆ ನಾನೇ ಕೊರೆದ ಮೂರು ತೂತು
ಈಗ ಹೊಟ್ಟೆಯ ಮೇಲೆ ಸುಮ್ಮನೆ ಕಣ್ಣು ಬಿಟ್ಟುಕೊಂಡಿವೆ.
ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ
ಅನ್ನುವಂತೆ, ಸದ್ದಿಲ್ಲದೆ, ಬಾಗಿಲನ್ನೂ ಬಡಿಯದೆ ಬಂತು.

ಅಲ್ಲ, ಬಡಿದಿತ್ತು. ನಾನೇ ತೆರೆದೆ.
ಜನವರಿ ಆರರ ರಾತ್ರಿ ನಮ್ಮಲ್ಲಿ
ಬೇಯಿಸಿದ ಗೋಧಿಗೆ ಜೇನು, ಅರೆದ ಗಸಗಸೆ;
ಹೋದವರಿಗೊಂದು ಖಾಲಿ ಕುರ್ಚಿ,
ಉಳಿದವರಿಗೆ ಮೊದಲ ಚಮಚ.
ಆ ವರ್ಷ ಕುರ್ಚಿ ಅಣ್ಣ ಬೋಹ್ದಾನನದು.
ಒಂದು ಚಮಚ.
ಅವನ ಪಾಲಿನದನ್ನು ‘ಹಿಟ್ಟು ಬಿಟ್ಟಿದ್ದೇನೆ’ ಅಂತ
ಯಾವ ಬಾಯಿಂದ ಬೇಡ ಅನ್ನಲಿ?
ತಿಂದೆ. ಆಮೇಲೆ ಆಲೂಗಡ್ಡೆ ತುಂಬಿದ ಕಡುಬು, ಬೆಣ್ಣೆಯಲ್ಲಿ ಹೊರಳಿಸಿದ್ದು,
ಆಮೇಲೆ ಚರ್ಚಿನ ಹೆಂಗಸರು ಕಟ್ಟಿಕೊಟ್ಟ ಬನ್ನು,
ಆಮೇಲೆ ಫೆಬ್ರವರಿ, ಮೈನಸ್ ಮೂವತ್ತೆಂಟು, ಟೋಸ್ಟು.
ದುಃಖ ಒಂದು ಚಮಚದಷ್ಟೇ ಇತ್ತು.
ಉಳಿದದ್ದೆಲ್ಲ ಹಸಿವಿನ ಸೋಗು.

ಸೋಮವಾರದಿಂದ ಮತ್ತೆ ಹಳೇ ಗಂಡನ ಪಾದವೇ ಗತಿ:
ಎರಡು ಮೊಟ್ಟೆ, ಹಂದಿಮಾಂಸ, ಹುಳಿ ಬಂದ ಎಲೆಕೋಸು.
ವೆರ್ನಾ ಏನೂ ಅನ್ನಲಿಲ್ಲ.
ತನ್ನ ಬ್ರೆಡ್ಡನ್ನು ಬಟ್ಟೆಸೋಪಿನ ಡಬ್ಬದ ಹಿಂದೆ ಇಟ್ಟಳು,
ನನಗೆ ಗೊತ್ತಿದೆ ಅಂತ ಗೊತ್ತಿದ್ದೂ.
ಎರಡನೇ ಸಲ ಸುಲಭ, ದಾರಿ ಗೊತ್ತಿರುತ್ತದೆ
ಅಂದರು ಡಾಕ್ಟರ್ ಅಡೆಯೆಮಿ.
ಗೊತ್ತಿರುವುದೇ ಕಷ್ಟ, ಡಾಕ್ಟರೇ.
ಮೂರನೇ ದಿನ ತಲೆ ಸಿಡಿಯುವುದು ಗೊತ್ತು,
ನಾಲ್ಕನೇ ದಿನ ನಾಯಿಯ ಮೇಲೆ ಸುಮ್ಮನೆ ರೇಗುವುದು,
ನಡುರಾತ್ರಿ ಮೀನಖಂಡ ಹಗ್ಗದಂತೆ ಹುರಿಗೊಳ್ಳುವುದು.
ಮೊದಲ ಸಲ ಊರೆಲ್ಲ ಬೆನ್ನು ತಟ್ಟಿತ್ತು,
ಗುರುತೇ ಸಿಗಲಿಲ್ಲ ಅಂದಿತ್ತು ಅಂಚೆಯವಳು.
ಎರಡನೇ ಮದುವೆಗೆ ಯಾರು ಓಲಗ ಊದಿಸುತ್ತಾರೆ?
ಈಗ ಎಲ್ಲರಿಗೂ ನನ್ನ ಗುರುತು ಚೆನ್ನಾಗಿಯೇ ಸಿಗುತ್ತದೆ.

ಇಂದು ಆರನೇ ದಿನ. ಸಂಜೆಯ ಧೂಳು ಪೂರ್ತಿ ಚಿನ್ನ;
ಲೋಕವೆಲ್ಲ ಬ್ರೆಡ್ಡಾಗುವ ಮುಂಚಿನ ವಾಸನೆ.
ಲೈಲನ ಕೊನೆಯ ಲಾರಿ ಸುರಿದು, ತಗ್ಗಿ, ಮತ್ತೆ ಹತ್ತಿತು.
ಖಾಲಿ ಲಾರಿಯೇ ಹದಿನೈದು ಟನ್!
ಯಾರೂ ಅದನ್ನು ಬೈದದ್ದಿಲ್ಲ.
ಹೊರುವುದಕ್ಕೂ ಒಂದು ಮೈ ಬೇಕಲ್ಲ.

ಮಾದರಿ ತಂದಿಟ್ಟ, ಅಂಗೈಯಷ್ಟು.
ಯಂತ್ರವಿದೆ, ಆದರೂ ನನ್ನಪ್ಪ ಮಾಡಿದಂತೆ
ಒಂದು ಕಾಳು ಬಾಯಿಗೆ ಹಾಕಿ ಹಲ್ಲಿಗೆ ಕೊಟ್ಟೆ.
ಲೈಲ್ ನನ್ನ ದವಡೆಯನ್ನೇ ನೋಡುತ್ತಿದ್ದ.
ಕಟ್ ಅಂತು.
ಜಗಿದರೆ ಅಂಟು, ಇನ್ನೂ ಜಗಿದರೆ ಸಿಹಿ. ಬಲ್ಲೆ.
ಕಿಟಕಿ ತೆರೆದು ಉಗಿದೆ.

‘ಒಣಗಿದೆ’ ಅಂತ ಬರೆದೆ.